ಹಳೇ ಕಂಪ್ಯೂಟರು, ಹೊಸ ಮೊಬೈಲು, ನಡುವೆ ಮಿಕ್ಸಿಂಗು: ಮುಕ್ತ ತಂತ್ರಾಂಶದ ಆಯ್ಕೆ ಎಲ್ಲಿಂದ ಶುರುವಾಗಬೇಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್‌ಗಳು ನಿಂತವು. ಮನೆಬಳಕೆದಾರರಿಗೆಂದು ಮೈಕ್ರೋಸಾಫ್ಟ್ ಘೋಷಿಸಿದ ಹೆಚ್ಚುವರಿ ಅವಧಿ 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಇಲ್ಲವೆ ಅದಕ್ಕಿಂತ ಹೊಸದು ಬೇಕು. ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆಯ ಸ್ಟುಡಿಯೊಗಳ ಹಿಂಬದಿ ಕೋಣೆಯಲ್ಲಿ ಮದುವೆ ವಿಡಿಯೊ ಮಿಕ್ಸಿಂಗ್ (ಎಡಿಟಿಂಗ್) ಮಾಡುತ್ತಿರುವ ನಾಲ್ಕನೇ, ಆರನೇ ತಲೆಮಾರಿನ ಐ5 ಕಂಪ್ಯೂಟರುಗಳಿಗೆ ಈ ಬಾಗಿಲು ಮುಚ್ಚಿದೆ. ಯಂತ್ರವೇನೋ ಗಟ್ಟಿಯಾಗೇ ಇದೆ, ಅದರ ಮೇಲೆ ಕೂತ ವ್ಯವಸ್ಥೆಗೆ ವಯಸ್ಸಾಗಿದೆ.

ಇದರ ಜೊತೆಗೆ ಹಳೆಯ ಗಂಟು ಇನ್ನೊಂದಿದೆ: ಕ್ರ್ಯಾಕ್ ಕಾಪಿ, ಅಂದರೆ ಬೀಗ ಮುರಿದ ನಕಲಿ ಸಾಫ್ಟ್‌ವೇರ್. ಅಡೋಬಿ 2013ರಲ್ಲಿ ಚಂದಾ ಪದ್ಧತಿಗೆ ಹೋದಮೇಲೆ ಒಮ್ಮೆ ದುಡ್ಡು ಕೊಟ್ಟು ಅದರ ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಕೊಳ್ಳುವ ದಾರಿಯೇ ಮುಚ್ಚಿಹೋಯಿತು. ಮದುವೆ ಸೀಸನ್‌ನಲ್ಲಿ ಮಾತ್ರ ಕೈತುಂಬ ಕೆಲಸವಿರುವವನಿಗೆ ಆಷಾಢದಲ್ಲೂ ಚಂದಾ ಕಟ್ಟುವುದು ಹೊರೆಯೇ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ, ನಕಲಿ ಎಂದು ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದವರಿಗೆ ಕನಿಷ್ಠ 7 ದಿನ, ಗರಿಷ್ಠ 3 ವರ್ಷ ಜೈಲು ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಸಂಪಾದನೆಗಾಗಿ ಬಳಸದಿದ್ದರೆ ನ್ಯಾಯಾಲಯ ಜೈಲನ್ನು ಬಿಡಬಹುದು; ಸ್ಟುಡಿಯೊ ಮಾಲೀಕರಿಗೆ ಆ ರಿಯಾಯಿತಿ ಸಿಗುವುದು ಕಷ್ಟ. ಕ್ರ್ಯಾಕ್ ಹಾಕಲು ಆಂಟಿವೈರಸ್ ಆಫ್ ಮಾಡಬೇಕು. ಅಪ್‌ಡೇಟ್ ನಿಂತ ವಿಂಡೋಸ್ ಮೇಲೆ ಹಾಗೆ ಮಾಡುವುದೆಂದರೆ ಗಿರಾಕಿಗಳ ಮದುವೆಯೆಲ್ಲ ತುಂಬಿರುವ ಹಾರ್ಡ್‌ಡಿಸ್ಕನ್ನು ಬೀದಿಯಲ್ಲಿ ಇಟ್ಟಂತೆ.

ಹಾಗಾಗಿ ‘ಫ್ರೀ ಸಾಫ್ಟ್‌ವೇರ್‌ನಲ್ಲಿ ಯಾವುದು ಒಳ್ಳೇದು’ ಎಂಬ ಪ್ರಶ್ನೆ ಈಗ ಎದ್ದಿದೆ. ಸಿಗುವ ಉತ್ತರಗಳು ಬಹುಪಾಲು ಎಫೆಕ್ಟ್ ಎಷ್ಟು, ಟ್ರಾನ್ಸಿಷನ್ ಎಷ್ಟು ಎಂಬ ಎಣಿಕೆ. ಕೆಲಸ ನಿಜವಾಗಿ ನಿಲ್ಲುವುದು ಅಲ್ಲಲ್ಲ. ಮೊಬೈಲಿನಿಂದ ಬಂದ ಕ್ಲಿಪ್ಪಿನಲ್ಲಿ ತುಟಿಗೂ ಮಾತಿಗೂ ತಾಳೆ ತಪ್ಪುತ್ತದೆ. ಟೈಟಲ್‌ನಲ್ಲಿ ಒತ್ತಕ್ಷರ ಒಡೆಯುತ್ತದೆ. ಹೋದ ವರ್ಷದ ಪ್ರಾಜೆಕ್ಟ್ ತೆರೆದರೆ ಕ್ಲಿಪ್ಪುಗಳೆಲ್ಲ ಕಾಣೆ. ಸಾಫ್ಟ್‌ವೇರ್ ಆರಿಸುವಾಗ ಕೇಳಬೇಕಾದ್ದು ಈ ಮೂರನ್ನು. ಎಫೆಕ್ಟಿನ ಪಟ್ಟಿ ಆಮೇಲಿನ ಮಾತು.

ಮೂರಕ್ಕೂ ಹೊಟ್ಟೆ ಒಂದೇ

ಮೊದಲು ಒಂದು ಗೊಂದಲ ಕಳೆಯಬೇಕು. ಉಚಿತ ಬೇರೆ, ಮುಕ್ತ ಬೇರೆ. ಮುಕ್ತ ಎಂದರೆ ಮೂಲಸಂಕೇತವನ್ನು ಯಾರು ಬೇಕಾದರೂ ನೋಡಿ, ತಿದ್ದಿ ಬಳಸಬಹುದಾದದ್ದು. ಡಾವಿಂಚಿ ರಿಸಾಲ್ವ್ ಎಂಬ ಎಡಿಟರ್‌ನ ಉಚಿತ ಆವೃತ್ತಿ ದುಡ್ಡಿಲ್ಲದೆ ಸಿಗುತ್ತದೆ, ಬಣ್ಣ ತಿದ್ದುವುದರಲ್ಲಿ ಅದಕ್ಕೆ ಸಾಟಿಯಾದ ಮುಕ್ತ ತಂತ್ರಾಂಶ ಇಲ್ಲ. ಆದರೆ ಅದರ ಮೂಲಸಂಕೇತ ಕಂಪನಿಯದ್ದೇ. ಯಾವುದು ಉಚಿತ, ಯಾವುದಕ್ಕೆ ದುಡ್ಡು ಎಂಬುದನ್ನು ನಾಳೆ ಅವರೇ ಬದಲಿಸಬಹುದು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಅದು ಸರಾಗವಾಗಿ ಓಡುವುದೂ ಇಲ್ಲ. ವಿಂಡೋಸ್ ಬದಲು ಹಾಕಬಹುದಾದ ಮುಕ್ತ ವ್ಯವಸ್ಥೆ ಲಿನಕ್ಸ್‌ನಲ್ಲಂತೂ ಉಚಿತ ಆವೃತ್ತಿ ಎಚ್.264 ಎಂಬ ವಿಡಿಯೊ ಸಂಕೋಚನ ಪದ್ಧತಿಯ ಫೈಲುಗಳನ್ನೇ ಓದದೆ ಬಂದಿದೆ, ಅಂದರೆ ನಮ್ಮ ಕ್ಯಾಮೆರಾಗಳಿಂದ ಬರುವ ಬಹುತೇಕ ಎಲ್ಲವನ್ನೂ. ಹಳೇ ಐ5ರ ಮಟ್ಟಿಗೆ ಅದನ್ನು ಲೆಕ್ಕದಿಂದ ಬಿಡಬಹುದು.

ಮುಕ್ತ ತಂತ್ರಾಂಶಗಳ ಪೈಕಿ ಕೆಡೆನ್‌ಲೈವ್ 2002ರಲ್ಲಿ ಹುಟ್ಟಿದ್ದು, ಈಗ ಕೆಡಿಇ ಬಳಗದ ಯೋಜನೆ. ಶಾಟ್‌ಕಟ್‌ನ ಈಗಿನ ರೂಪ 2011ರಿಂದ ಡ್ಯಾನ್ ಡೆನ್ನೆಡಿ ಬರೆದದ್ದು. ಫ್ಲೋಬ್ಲೇಡ್ ಲಿನಕ್ಸ್‌ಗೆ ಮಾತ್ರ. ಹೊರಗಿನ ವೇಷ ಬೇರೆಬೇರೆ, ಮೂರರ ಹೊಟ್ಟೆಯಲ್ಲೂ ಇರುವ ಎಂಜಿನ್ ಒಂದೇ: ಎಂಎಲ್‌ಟಿ. ಅದು ಫೈಲು ಓದುವುದಕ್ಕೆ, ಬರೆಯುವುದಕ್ಕೆ ಎಫ್‌ಎಫ್‌ಎಂಪೆಗ್ ಅನ್ನು ನೆಚ್ಚಿಕೊಂಡಿದೆ. ಹಾಗಾಗಿ ‘ಇದರಲ್ಲಿ ಆ ಫಾರ್ಮ್ಯಾಟ್ ಓಪನ್ ಆಗುತ್ತಾ’ ಎಂದು ಒಂದರಿಂದ ಇನ್ನೊಂದಕ್ಕೆ ಹಾರುವುದು ವ್ಯರ್ಥ. ಒಂದರಲ್ಲಿ ಆದದ್ದು ಉಳಿದವುಗಳಲ್ಲೂ ಹೆಚ್ಚುಕಡಿಮೆ ಆಗುತ್ತದೆ, ಒಂದರಲ್ಲಿ ಕೈಕೊಟ್ಟದ್ದು ಉಳಿದವುಗಳಲ್ಲೂ ಕೈಕೊಡುತ್ತದೆ. ವ್ಯತ್ಯಾಸ ಇರುವುದು ಕೆಲಸದ ರೀತಿಯಲ್ಲಿ.

ಎರಡು ಕ್ಯಾಮೆರಾ, ಒಂದು ಡ್ರೋನ್, ಐದಾರು ಟ್ರ್ಯಾಕ್, ನೂರಾರು ಕ್ಲಿಪ್ ಇರುವ ಮದುವೆ ಕೆಲಸಕ್ಕೆ ಕೆಡೆನ್‌ಲೈವ್. ಕ್ಲಿಪ್ಪುಗಳನ್ನು ಫೋಲ್ಡರ್ ಮಾಡಿ, ಗುರುತು ಹಾಕಿ ಜೋಡಿಸಿಡಲು ಅದರಲ್ಲಿ ಜಾಗವಿದೆ. ರೆಂಡರ್ (ಕೊನೆಯ ವಿಡಿಯೊ ಫೈಲು ತಯಾರಿಸುವ) ಕೆಲಸಗಳನ್ನು ಸರದಿಯಲ್ಲಿಟ್ಟು ರಾತ್ರಿ ಮಲಗಬಹುದು. ಒಬ್ಬರೇ ಮಾತಾಡುವ ಪಾಠದ ವಿಡಿಯೊ, ಕೃಷಿ ಮಾಹಿತಿ, ಊರಿನ ಸುದ್ದಿ ಚಾನೆಲ್ಲಿನ ಐದು ನಿಮಿಷದ ವರದಿ ಇಂಥವಕ್ಕೆ ಶಾಟ್‌ಕಟ್ ಸಾಕು, ಹಗುರವೂ ಹೌದು. ‘ಎಸ್’ ಒತ್ತಿದರೆ ಕತ್ತರಿ, ‘ಎಕ್ಸ್’ ಒತ್ತಿದರೆ ತುಂಡು ಹೋಗಿ ಸಂದಿ ತಾನೇ ಮುಚ್ಚುತ್ತದೆ. ಈ ಎರಡು ಕೀಲಿ ಬಂದರೆ ಅರ್ಧ ಕೆಲಸ ಬಂದಂತೆ. ಓಪನ್‌ಶಾಟ್ ಶಾಲಾ ಮಕ್ಕಳಿಗೆ ತೋರಿಸಿಕೊಡಲು ಚೆನ್ನ, ಆದರೆ ಅರ್ಧ ಗಂಟೆ ಮೀರಿದ ಪ್ರಾಜೆಕ್ಟ್‌ನಲ್ಲಿ ತೆವಳಲು ಶುರುಮಾಡುತ್ತದೆ. ಆಲಿವ್ ಆಸೆ ಹುಟ್ಟಿಸಿ ಅರ್ಧಕ್ಕೇ ನಿಂತ ಕೆಲಸ, ಗಿರಾಕಿಯ ಕೆಲಸವನ್ನು ಅದರ ಮೇಲೆ ಹಾಕಬಾರದು. ಬ್ಲೆಂಡರ್ ಮೂರು ಆಯಾಮದ ಲೋಗೊ ತಿರುಗಿಸಲು ಅದ್ಭುತ, ಮದುವೆ ಮಿಕ್ಸಿಂಗ್‌ಗಲ್ಲ.

ಇನ್ನೊಂದು ಸಣ್ಣ ಸಾಧನಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ: ಲಾಸ್‌ಲೆಸ್‌ಕಟ್. ಒಂದು ಗಂಟೆಯ ಸುದ್ದಿಗೋಷ್ಠಿಯಲ್ಲಿ ಮೂರು ನಿಮಿಷ ಮಾತ್ರ ಬೇಕು ಎಂದಿಟ್ಟುಕೊಳ್ಳಿ. ಎಡಿಟರ್‌ಗೆ ಹಾಕಿ ರೆಂಡರ್ ಮಾಡಿದರೆ ಹಳೇ ಯಂತ್ರ ಹತ್ತು ನಿಮಿಷ ಏದುಸಿರು ಬಿಡುತ್ತದೆ. ಲಾಸ್‌ಲೆಸ್‌ಕಟ್ ವಿಡಿಯೊವನ್ನು ಮತ್ತೆ ಕುದಿಸುವುದಿಲ್ಲ, ಇದ್ದದ್ದನ್ನು ಇದ್ದಹಾಗೆ ತುಂಡರಿಸಿ ಸೆಕೆಂಡುಗಳಲ್ಲಿ ಕೊಡುತ್ತದೆ, ಗುಣಮಟ್ಟ ಒಂದು ಚೂರೂ ಇಳಿಯುವುದಿಲ್ಲ. ಒಂದೇ ಕಟ್ಟುಪಾಡು: ಕತ್ತರಿ ಬೀಳುವುದು ಕೀಫ್ರೇಮ್, ಅಂದರೆ ಆಗೊಮ್ಮೆ ಈಗೊಮ್ಮೆ ಬರುವ ಪೂರ್ಣ ಚಿತ್ರ ಇರುವಲ್ಲಿ. ಹಾಗಾಗಿ ಆರಂಭ ಒಂದೆರಡು ಸೆಕೆಂಡ್ ಹಿಂದಕ್ಕೆ ಸರಿಯಬಹುದು.

ಫೈಲು ಎಲ್ಲಿಂದ ಬಂತು?

ಸಾಫ್ಟ್‌ವೇರ್ ಸರಿಯಿಲ್ಲ ಎಂಬ ದೂರುಗಳಲ್ಲಿ ದೊಡ್ಡ ಪಾಲು ವಾಸ್ತವವಾಗಿ ಫೈಲಿನ ದೂರು. ಕ್ಯಾಮೆರಾದಲ್ಲಿ ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಸೆಟ್ಟಿಂಗ್ ಇದ್ದರೆ ಸೆಕೆಂಡಿಗೆ 25 ಫ್ರೇಮ್. ಮೊಬೈಲು ಹೇಳುವುದು 30, ಕೊಡುವುದು ಬೆಳಕು ಕಂಡಂತೆ: ಮಂಟಪದ ಮಬ್ಬಿನಲ್ಲಿ 24ಕ್ಕೆ ಇಳಿದು, ಬಿಸಿಲಿಗೆ ಬಂದರೆ 30ಕ್ಕೆ ಏರಬಹುದು. ಇದಕ್ಕೆ ವೇರಿಯಬಲ್ ಫ್ರೇಮ್‌ರೇಟ್ ಎನ್ನುತ್ತಾರೆ. ಎಡಿಟರ್ ಲೆಕ್ಕ ಹಾಕುವುದು ಸಮ ಅಂತರದ ಫ್ರೇಮ್‌ಗಳಲ್ಲಿ. ಆಡಿಯೊ ತನ್ನ ಪಾಡಿಗೆ ನೆಟ್ಟಗೆ ಓಡುತ್ತದೆ, ಚಿತ್ರ ತಾಳ ತಪ್ಪುತ್ತದೆ. ಎರಡು ನಿಮಿಷದ ಕ್ಲಿಪ್ಪಿನಲ್ಲಿ ಗೊತ್ತಾಗುವುದಿಲ್ಲ, ನಲವತ್ತು ನಿಮಿಷದ ಭಾಷಣದ ಕೊನೆಗೆ ತುಟಿ ಒಂದು ಕಡೆ, ಮಾತು ಒಂದು ಕಡೆ.

ಶಾಟ್‌ಕಟ್ ಇಂಥ ಫೈಲು ಕಂಡ ತಕ್ಷಣ ಪರಿವರ್ತಿಸಲೇ ಎಂದು ಕೇಳುತ್ತದೆ, ಕೆಡೆನ್‌ಲೈವ್ ಕೂಡ. ಅವಸರದಲ್ಲಿ ಆ ಪೆಟ್ಟಿಗೆಯನ್ನು ಮುಚ್ಚಿ ಮುಂದೆ ಹೋಗುವುದೇ ತಪ್ಪು. ಶಾಟ್‌ಕಟ್ ಕೊಡುವ ಮೂರು ದರ್ಜೆಗಳಲ್ಲಿ ಮೊದಲನೆಯದೇ ಮದುವೆ ಕೆಲಸಕ್ಕೆ ಸಾಕು. ಕೊನೆಯ ದರ್ಜೆ ಆರಿಸಿದರೆ ಡಿಸ್ಕ್ ತುಂಬಿಹೋಗುತ್ತದೆ. ಫೈಲುಗಳು ಬಹಳ ಇದ್ದರೆ ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ ಫ್ರೇಮ್‌ರೇಟ್ 25, ಅದರ ಕೆಳಗೆ ಕಾನ್‌ಸ್ಟಂಟ್ ಎಂದು ಆರಿಸಿ, ಗುಣಮಟ್ಟದ ಆರ್‌ಎಫ್ ಅಂಕಿ 18ರ ಸುತ್ತ ಇಟ್ಟು, ಎಲ್ಲವನ್ನೂ ಸಾಲಾಗಿ ಹಚ್ಚಿ ಬಿಡಬಹುದು. 30 ಇದ್ದದ್ದು 25 ಆಗುವಾಗ ಪ್ರತಿ ಆರು ಫ್ರೇಮಿಗೆ ಒಂದು ಬಿದ್ದುಹೋಗುತ್ತದೆ. ನಿಂತ ದೃಶ್ಯದಲ್ಲಿ ಕಾಣದು. ನಾಯಕನಹಟ್ಟಿ ತೇರಿನ ಜೊತೆ ಕ್ಯಾಮೆರಾ ತಿರುಗಿಸಿದ್ದರೆ ಮಾತ್ರ ತೇರು ಎಳೆದೆಳೆದು ಬಿಟ್ಟಂತೆ ಕುಕ್ಕುತ್ತದೆ. ಅದಕ್ಕೆ ಶೂಟಿಂಗ್ ಹಂತದಲ್ಲೇ ಮದ್ದು: ಐಫೋನ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್‌ನ ರೆಕಾರ್ಡ್ ವಿಡಿಯೊ ಒಳಗೆ ‘ಶೋ ಪಾಲ್ ಫಾರ್ಮ್ಯಾಟ್ಸ್’ ಆನ್ ಮಾಡಿದರೆ 25 ಸಿಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಹಾಗಾಗಿ ಶಟರ್ 1/50 ಅಥವಾ 1/100 ಇದ್ದರೆ ಕಲ್ಯಾಣ ಮಂಟಪದ ದೀಪ ಮಿಣುಕುವ ಕಾಟವೂ ತಪ್ಪುತ್ತದೆ.

ಎರಡನೆಯ ಕಾಟ ಎಚ್‌ಇವಿಸಿ, ಅಂದರೆ ಎಚ್.265. ಹೊಸ ಮೊಬೈಲುಗಳು ಜಾಗ ಉಳಿಸಲು ಇದರಲ್ಲೇ ಬರೆಯುತ್ತವೆ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಚಿಪ್ಪಿನಲ್ಲಿ ಇದನ್ನು ಬಿಡಿಸುವ ಯಂತ್ರಾಂಗವೇ ಇಲ್ಲ, ಆರನೆಯದರಲ್ಲಿ 8 ಬಿಟ್‌ಗೆ ಇದೆ, 10 ಬಿಟ್‌ಗೆ ಏಳನೆಯದೇ ಬೇಕು. ಟೈಮ್‌ಲೈನ್ ಮೇಲೆ ಹಾಕಿ ಪ್ಲೇ ಒತ್ತಿದರೆ ಚಿತ್ರ ಕಲ್ಲಾಗಿ ನಿಲ್ಲುವುದು ಇದಕ್ಕೇ. ಐಫೋನ್‌ನಲ್ಲಿ ಫಾರ್ಮ್ಯಾಟ್ಸ್ ಒಳಗೆ ‘ಮೋಸ್ಟ್ ಕಂಪ್ಯಾಟಿಬಲ್’, ಆಂಡ್ರಾಯ್ಡ್‌ನಲ್ಲಿ ‘ಹೈ ಎಫಿಶಿಯನ್ಸಿ’ ಆಫ್ ಮಾಡಿದರೆ ಎಚ್.264 ಸಿಗುತ್ತದೆ. ಈಗಾಗಲೇ ಬಂದ ಫೈಲಿಗೆ ಪ್ರಾಕ್ಸಿ: ದೊಡ್ಡ ಕ್ಲಿಪ್ಪಿನದೇ ಒಂದು ಸಣ್ಣ ಪ್ರತಿ. ಎಡಿಟಿಂಗ್ ಸಣ್ಣದರ ಮೇಲೆ ನಡೆಯುತ್ತದೆ, ರೆಂಡರ್ ಮಾಡುವಾಗ ತಂತ್ರಾಂಶ ಮೂಲವನ್ನೇ ತೆಗೆದುಕೊಳ್ಳುತ್ತದೆ. ಕೆಡೆನ್‌ಲೈವ್, ಶಾಟ್‌ಕಟ್ ಎರಡರಲ್ಲೂ ಈ ಸೌಲಭ್ಯ ಇದೆ. ಹಳೇ ಯಂತ್ರದಲ್ಲಿ ಪ್ರಾಕ್ಸಿ ಇಲ್ಲದೆ 4ಕೆ ಮುಟ್ಟಬೇಡಿ. ಪ್ರಾಕ್ಸಿ ಇದ್ದರೆ 8 ಜಿಬಿ ರ‍್ಯಾಮ್‌ನಲ್ಲೂ ಕೆಲಸ ಸಾಗುತ್ತದೆ, 16 ಇದ್ದರೆ ನೆಮ್ಮದಿ. ಪ್ರಾಕ್ಸಿ ಮತ್ತು ಕ್ಯಾಶ್ ಇರುವ ಫೋಲ್ಡರ್ ಎಸ್‌ಎಸ್‌ಡಿಯಲ್ಲಿರಲಿ, ಮೂಲ ಫೈಲುಗಳು ಸಾಧಾರಣ ಹಾರ್ಡ್‌ಡಿಸ್ಕ್‌ನಲ್ಲಿರಲಿ.

ಡಿಸ್ಕ್ ಲೆಕ್ಕವನ್ನೂ ಹಾಕಿಕೊಳ್ಳಿ. ಸೆಕೆಂಡಿಗೆ 50 ಮೆಗಾಬಿಟ್ ಬರೆಯುವ ಕ್ಯಾಮೆರಾ ಗಂಟೆಗೆ 22.5 ಜಿಬಿ ತುಂಬಿಸುತ್ತದೆ. ಹಿಂದಿನ ಸಂಜೆಯ ಆರತಕ್ಷತೆ, ಬೆಳಗಿನ ಮುಹೂರ್ತ ಸೇರಿ ಎರಡು ಕ್ಯಾಮೆರಾ ತಲಾ ಐದು ಗಂಟೆ ಓಡಿದರೆ 225 ಜಿಬಿ. 100 ಮೆಗಾಬಿಟ್ಟಿನ 4ಕೆ ಆದರೆ ಅದರ ಎರಡು ಪಟ್ಟು.

ವಾಟ್ಸ್ಆ್ಯಪ್‌ನಲ್ಲಿ ಬಂದ ಕ್ಲಿಪ್ಪಿನ ಬಗ್ಗೆ ಒಂದೇ ಮಾತು: ವಿಡಿಯೊ ಎಂದು ಕಳಿಸಿದರೆ ಹಿಂಡಿ ಹಿಪ್ಪೆಯಾಗಿ ಬರುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ 2 ಜಿಬಿವರೆಗೆ ಹಾಗೇ ಬರುತ್ತದೆ.

ಕೊನೆಯ ಬಲೆ ಪ್ರಾಜೆಕ್ಟ್ ಪ್ರೊಫೈಲ್. ಮೊದಲು ಎಳೆದು ಹಾಕಿದ ಕ್ಲಿಪ್ಪಿನ ಅಳತೆಯನ್ನೇ ಶಾಟ್‌ಕಟ್ ‘ಆಟೊಮ್ಯಾಟಿಕ್’ನಲ್ಲಿ ಹಿಡಿದುಕೊಳ್ಳುತ್ತದೆ. ಕೆಡೆನ್‌ಲೈವ್ ಪ್ರೊಫೈಲ್ ಬದಲಿಸಲೇ ಎಂದು ಕೇಳುತ್ತದೆ. ಆ ಮೊದಲ ಕ್ಲಿಪ್ ಯಾರೋ ನಿಲುವಾಗಿ ಹಿಡಿದ ಮೊಬೈಲಿನದ್ದಾದರೆ ಇಡೀ ಮದುವೆ ನಿಲುವು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಖಾಲಿ ಪ್ರಾಜೆಕ್ಟ್‌ನಲ್ಲೇ 1080ಪಿ, 25 ಎಂದು ಕೈಯಾರೆ ಆರಿಸಿ, ಆಮೇಲೆ ಕ್ಲಿಪ್ ಹಾಕಿ. ನಡುವೆ ಫ್ರೇಮ್‌ರೇಟ್ ಬದಲಿಸಿದರೆ ಹಾಕಿದ ಕತ್ತರಿಗಳೆಲ್ಲ ಅತ್ತಿತ್ತ ಜರುಗುತ್ತವೆ.

ದುರ್ಗದ ಹೆಸರೇ ಪರೀಕ್ಷೆ

ಹೊರಗಿನವರು ಬರೆದ ಹೋಲಿಕೆಗಳಲ್ಲಿ ಎಲ್ಲೂ ಸಿಗದ ಪ್ರಶ್ನೆ ಕನ್ನಡದ್ದು. ಕನ್ನಡ ಅಕ್ಷರ ಮೂಡಬೇಕಾದರೆ ಬಿಡಿ ಸಂಕೇತಗಳನ್ನು ಕೂಡಿಸಿ ಒತ್ತು, ಅರ್ಕಾವತ್ತು, ದೀರ್ಘಗಳನ್ನು ಅವುಗಳ ಜಾಗದಲ್ಲಿ ಕೂರಿಸುವ ಒಂದು ಹಂತ ಬೇಕು. ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎರಡೂ ಕ್ಯೂಟಿ ಎಂಬ ಚೌಕಟ್ಟಿನ ಮೇಲೆ ನಿಂತಿವೆ, ಆ ಹಂತ ಅದರೊಳಗೇ ಇದೆ. ಯಾವ ತಂತ್ರಾಂಶವನ್ನೇ ಆಗಲಿ ಒಪ್ಪುವ ಮುಂಚೆ ಟೈಟಲ್‌ನಲ್ಲಿ ‘ಚಿತ್ರದುರ್ಗ’, ‘ತಿಪ್ಪೇರುದ್ರಸ್ವಾಮಿ’, ‘ಸ್ವಾತಂತ್ರ್ಯ’ ಈ ಮೂರನ್ನು ಬರೆದು ನೋಡಿ. ಅರ್ಕಾವತ್ತು, ಒತ್ತಿನ ಮೇಲೆ ದೀರ್ಘ, ಒತ್ತಿಗೆ ಒತ್ತು, ಮೂರೂ ಇಲ್ಲಿ ಬಂದುಹೋಗುತ್ತವೆ. ಬ್ಲೆಂಡರ್‌ನ ಅಕ್ಷರ ವ್ಯವಸ್ಥೆ ವರ್ಷಗಟ್ಟಲೆ ಈ ಪರೀಕ್ಷೆಯಲ್ಲಿ ಬಿದ್ದಿದೆ. ಅದರಲ್ಲಿ ಕನ್ನಡ ಲೋಗೊ ಬೇಕಾದರೆ ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಬರೆದು, ಅದನ್ನು ಆಕೃತಿಯಾಗಿ ಪರಿವರ್ತಿಸಿ ಎಸ್‌ವಿಜಿಯಾಗಿ ಒಯ್ಯಬೇಕು.

ಪರೀಕ್ಷೆ ಗೆದ್ದರೂ ಕೆಡುವ ಜಾಗಗಳಿವೆ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದರೆ ಒತ್ತು ತನ್ನ ತಾಯಕ್ಷರ ಬಿಟ್ಟು ದೂರ ನಿಲ್ಲಬಹುದು, ಅಂತರವನ್ನು ಸೊನ್ನೆಯಲ್ಲೇ ಇಡಿ. ಟೈಪ್‌ರೈಟರ್ ಎಫೆಕ್ಟ್ ಎಣಿಸುವುದು ಸಂಕೇತಗಳನ್ನು, ಅಕ್ಷರಗಳನ್ನಲ್ಲ. ‘ಕ್ಷ’ ಮೂಡುವ ಮುಂಚೆ ‘ಕ’, ಆಮೇಲೆ ‘ಕ್’ ಮಿಂಚಿ ಹೋಗುತ್ತದೆ. ಕನ್ನಡಕ್ಕೆ ಅದನ್ನು ಬಿಟ್ಟು, ಎಡದಿಂದ ಬಲಕ್ಕೆ ಪರದೆ ಸರಿಯುವ ವೈಪ್ ಹಾಕಿದರೆ ಕಣ್ಣಿಗೆ ಅದೇ ಪರಿಣಾಮ. ಔಟ್‌ಲೈನ್ ದಪ್ಪ ಮಾಡಿದಷ್ಟೂ ಒತ್ತು ಮೇಲಿನ ಅಕ್ಷರಕ್ಕೆ ಅಂಟಿ ಮಸಿಯ ಮುದ್ದೆಯಾಗುತ್ತದೆ. ಹೆಸರಿನ ಪಟ್ಟಿಯ ಕೆಳಗೆ ಇಂಗ್ಲಿಷ್‌ಗಿಂತ ಹೆಚ್ಚು ಜಾಗ ಬಿಡದಿದ್ದರೆ ‘ಸ್ವಾತಂತ್ರ್ಯ’ದ ಬುಡ ಕತ್ತರಿಸಿಹೋಗುತ್ತದೆ.

ಲಗ್ನಪತ್ರಿಕೆ ಮಾಡಿದ ಪ್ರೆಸ್ಸಿನಿಂದ ಹೆಸರುಗಳನ್ನು ತರಿಸಿಕೊಂಡರೆ ಬರುವುದು ಸಾಮಾನ್ಯವಾಗಿ ನುಡಿ ಅಥವಾ ಶ್ರೀಲಿಪಿಯ ಹಳೇ ಸಂಕೇತದಲ್ಲಿ. ಯುನಿಕೋಡ್ ತಂತ್ರಾಂಶಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ನುಡಿಯಿಂದ ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ, ಆದರೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಾರೆ ತಾಳೆ ನೋಡದೆ ಬಿಡಬಾರದು. ವಧುವಿನ ಹೆಸರು ತಪ್ಪಾದರೆ ಬೀಗರು ಕ್ಷಮಿಸುವುದಿಲ್ಲ. ಫಾಂಟ್‌ಗೆ ಬರವಿಲ್ಲ: ನೋಟೊ ಸಾನ್ಸ್ ಕನ್ನಡ, ದಪ್ಪ ಶೀರ್ಷಿಕೆಗೆ ಬಾಲೂ ತಮ್ಮ, ಅನೇಕ್ ಕನ್ನಡ, ಜೊತೆಗೆ ಗುಬ್ಬಿ, ನವಿಲು. ಎಲ್ಲವೂ ಮುಕ್ತ ಪರವಾನಗಿಯವು, ಹಾಗಾಗಿ ಫಾಂಟ್ ಫೈಲನ್ನೂ ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ಇಟ್ಟುಕೊಳ್ಳಬಹುದು. ಇಡದೆ ಬೇರೆ ಯಂತ್ರದಲ್ಲಿ ತೆರೆದರೆ ತಂತ್ರಾಂಶ ಸದ್ದಿಲ್ಲದೆ ಬೇರೆ ಫಾಂಟ್ ಹಾಕಿಕೊಂಡು ಟೈಟಲ್‌ಗಳನ್ನು ಜರುಗಿಸಿಬಿಡುತ್ತದೆ.

ಮಾತನ್ನು ತಾನೇ ಬರಹಕ್ಕಿಳಿಸುವ ವಿಸ್ಪರ್ ಈಗ ಕೆಡೆನ್‌ಲೈವ್‌ನೊಳಗೇ ಓಡುತ್ತದೆ, ಅದರ ಭಾಷಾಪಟ್ಟಿಯಲ್ಲಿ ಕನ್ನಡವೂ ಇದೆ. ಹಳೇ ಯಂತ್ರ ತಡೆಯಬಲ್ಲ ಸಣ್ಣ ಮಾದರಿಗಳಲ್ಲಿ ಬರುವ ಕನ್ನಡವನ್ನು ತಿದ್ದುವುದಕ್ಕಿಂತ ಕೂತು ಟೈಪ್ ಮಾಡುವುದೇ ಬೇಗ.

ಗಟ್ಟಿಮೇಳ ಮತ್ತು ಎರಡು ಫ್ರೇಮು

ಎರಡು ಕ್ಯಾಮೆರಾಗಳನ್ನು ಕೂಡಿಸಲು ಕೆಡೆನ್‌ಲೈವ್‌ನಲ್ಲಿ ಒಂದು ಕ್ಲಿಪ್ಪಿನ ಮೇಲೆ ಬಲ ಕ್ಲಿಕ್ ಮಾಡಿ ‘ಸೆಟ್ ಆಡಿಯೊ ರೆಫರೆನ್ಸ್’, ಇನ್ನೊಂದರ ಮೇಲೆ ‘ಅಲೈನ್ ಆಡಿಯೊ ಟು ರೆಫರೆನ್ಸ್’ ಒತ್ತಿದರೆ ಸದ್ದಿನ ಅಲೆ ಹೋಲಿಸಿ ತಾನೇ ಸರಿಹೊಂದಿಸುತ್ತದೆ. ಒಂದೇ ಲಯದಲ್ಲಿ ಸಾಗುವ ವಾಲಗದಲ್ಲಿ ಅದು ಮೋಸಹೋಗುವುದುಂಟು, ಯಾವ ಆವರ್ತವೂ ಒಂದೇ ಥರ ಕಾಣುತ್ತದೆ. ಆಗ ಗಟ್ಟಿಮೇಳ ಹಿಡಿಯಿರಿ: ಅಲೆಯಲ್ಲಿ ಅದು ಗೋಡೆಯಂತೆ ಎದ್ದು ನಿಲ್ಲುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಹಾಗಾಗಿ ವಾದ್ಯದಿಂದ ಮೂವತ್ತು ಮೀಟರ್ ಹಿಂದಿರುವ ಕ್ಯಾಮೆರಾಕ್ಕೆ ಅದು 87 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. 25ರ ಲೆಕ್ಕದಲ್ಲಿ ಎರಡು ಫ್ರೇಮು. ಸದ್ದು ಸರಿಹೊಂದಿದ ಮೇಲೂ ಅಕ್ಷತೆ ಬೀಳುವುದು ಎರಡು ಕೋನದಲ್ಲಿ ಹಿಂದುಮುಂದಾದರೆ ಕಾರಣ ಇದೇ. ದೂರದ ಕ್ಯಾಮೆರಾದ ಚಿತ್ರವನ್ನು ಕೈಯಲ್ಲಿ ಎರಡು ಫ್ರೇಮ್ ಸರಿಸಬೇಕು.

ಕೊರತೆಗಳನ್ನು ಮುಚ್ಚಿಡುವುದು ಬೇಡ. ಎಡಿಯಸ್ (ಇನ್ನೊಂದು ದುಡ್ಡಿನ ಎಡಿಟರ್), ಪ್ರೀಮಿಯರ್‌ಗೆಂದು ಸಿಗುವ ಮದುವೆ ಪ್ರಾಜೆಕ್ಟ್‌ಗಳ ಸಂಗ್ರಹ, ಹಾರಾಡುವ ಹೂ, ತೆರೆದುಕೊಳ್ಳುವ ಆಲ್ಬಮ್ಮು, ಇವು ಯಾವುವೂ ಕೆಡೆನ್‌ಲೈವ್‌ನಲ್ಲಿ ತೆರೆಯುವುದಿಲ್ಲ. ಗಿರಾಕಿ ಅದನ್ನೇ ಕೇಳಿದರೆ ಹಳೇ ದಾರಿಯೇ ಗತಿ. ಕೆಡೆನ್‌ಲೈವ್ ಆಗಾಗ ಕುಸಿದು ಬೀಳುತ್ತದೆ ಎಂಬ ದೂರಿನಲ್ಲೂ ಹುರುಳಿದೆ. ಅದರ ಹೊಸ ಆವೃತ್ತಿ ಏಪ್ರಿಲ್, ಆಗಸ್ಟ್, ಡಿಸೆಂಬರ್‌ನಲ್ಲಿ ಬರುತ್ತದೆ, ನಂತರದ ತಿಂಗಳುಗಳಲ್ಲಿ ತಿದ್ದುಪಡಿ. ಕೊನೆಯ ಅಂಕಿ ಸೊನ್ನೆ ಇರುವುದನ್ನು ಬಿಟ್ಟು, 2 ಅಥವಾ 3 ಬಂದಮೇಲೆ ಹಾಕಿಕೊಳ್ಳುವುದು ಜಾಣತನ. ಪ್ರಾಜೆಕ್ಟ್ ನಡುವೆ ಅಪ್‌ಡೇಟ್ ಬೇಡವೇ ಬೇಡ, ಹೊಸದರಲ್ಲಿ ಉಳಿಸಿದ್ದನ್ನು ಹಳೆಯದು ತೆರೆಯದೇ ಇರಬಹುದು. ಲಿನಕ್ಸ್‌ನ ಆ್ಯಪ್‌ಇಮೇಜ್ ರೂಪ ಒಂದೇ ಫೈಲು. ಆ ಮದುವೆಯ ಫೋಲ್ಡರ್‌ನಲ್ಲೇ ಒಂದು ಪ್ರತಿ ಇಟ್ಟರೆ ಮೂರು ವರ್ಷದ ಮೇಲೆ ನಾಮಕರಣಕ್ಕೆಂದು ಬಂದವರು ಮದುವೆಯ ತುಣುಕು ಕೇಳಿದರೂ ಅದೇ ತಂತ್ರಾಂಶದಲ್ಲಿ ತೆರೆಯಬಹುದು. ಚಂದಾ ಸಾಫ್ಟ್‌ವೇರ್‌ನಲ್ಲಿ ಈ ಅನುಕೂಲ ಇಲ್ಲ.

ಕ್ಲಿಪ್ಪುಗಳು ಮುಂದೆ ಕಾಣೆಯಾಗದಂತೆ, ಕೆಲಸ ಮುಗಿದ ದಿನ ಕೆಡೆನ್‌ಲೈವ್‌ನಲ್ಲಿ ‘ಆರ್ಕೈವ್ ಪ್ರಾಜೆಕ್ಟ್’ ಒತ್ತಿ. ಬಳಸಿದ ಕ್ಲಿಪ್ಪುಗಳನ್ನೆಲ್ಲ ಒಂದೇ ಕಡೆ ಒಟ್ಟುಮಾಡುತ್ತದೆ.

ವಿಂಡೋಸ್ ಬಿಡುವವರು ಕಂಪ್ಯೂಟರಿನ ವ್ಯವಸ್ಥೆ, ಎಡಿಟರ್ ಎರಡನ್ನೂ ಒಟ್ಟಿಗೆ ಬದಲಿಸಬಾರದು. ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ವಿಂಡೋಸ್‌ನಲ್ಲೇ ಓಡುತ್ತವೆ. ಸೀಸನ್ ಇಲ್ಲದ ಎರಡು ತಿಂಗಳು ಅಲ್ಲೇ ಕೈ ಪಳಗಲಿ, ಆಮೇಲೆ ಲಿನಕ್ಸ್ ಮಿಂಟ್ ಅನ್ನು 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿ, ಕಂಪ್ಯೂಟರಿಗೆ ಏನೂ ಹಚ್ಚದೆ ಅದರಿಂದಲೇ ಓಡಿಸಿ ನೋಡಿ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟ್‌ಅಪ್’ ಆನ್ ಇದ್ದರೆ ಹಳೇ ಡ್ರೈವ್‌ಗಳನ್ನು ಲಿನಕ್ಸ್ ಓದುತ್ತದೆ, ಬರೆಯಲು ಬಿಡುವುದಿಲ್ಲ. ಮೊದಲೇ ಆಫ್ ಮಾಡಿ. ನುಡಿಯ ಕಗಪ ಕೀಲಿಮಣೆಗೆ ಒಗ್ಗಿದ ಬೆರಳುಗಳಿಗೆ ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್ ಒಳಗೆ ಅದೇ ವಿನ್ಯಾಸ ಸಿಗುತ್ತದೆ. ಎಡಿಯಸ್, ಪ್ರೀಮಿಯರ್ ಎರಡಕ್ಕೂ ಲಿನಕ್ಸ್ ರೂಪ ಇಲ್ಲ, ಹಾಗಾಗಿ ಬಾಕಿ ಕೆಲಸ ಮುಗಿಯುವ ತನಕ ವಿಂಡೋಸ್ ಅಳಿಸಬೇಡಿ.

ರೆಂಡರ್ ಹೊತ್ತಿಗೆ ಕರೆಂಟಿನ ಭಯವೂ ಇದೆ. ಎಂಪಿ4 ಫೈಲು ತನ್ನ ಪರಿವಿಡಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ. ತೊಂಬತ್ತೈದು ಪರ್ಸೆಂಟಿಗೆ ಕರೆಂಟ್ ಹೋದರೆ ಆ ಫೈಲು ಪೂರಾ ದಂಡ. ಎಂಕೆವಿ ಎಂಬ ಇನ್ನೊಂದು ಫೈಲು ರೂಪದಲ್ಲಿ ರೆಂಡರ್ ಮಾಡಿದರೆ ಆಗಿದ್ದಷ್ಟು ಉಳಿಯುತ್ತದೆ, ಮುಗಿದ ಮೇಲೆ ಲಾಸ್‌ಲೆಸ್‌ಕಟ್‌ನಲ್ಲಿ ನಿಮಿಷದೊಳಗೆ ಎಂಪಿ4 ಮಾಡಿಕೊಳ್ಳಬಹುದು. ಯೂಟ್ಯೂಬ್ 1080ಪಿ, 25ಕ್ಕೆ ಸೂಚಿಸುವ ದರ ಸೆಕೆಂಡಿಗೆ 8 ಮೆಗಾಬಿಟ್. ಅದೇ ದರದಲ್ಲಿ ಎರಡು ಗಂಟೆಯ ಮದುವೆ ಸುಮಾರು 7 ಜಿಬಿ ಆಗುತ್ತದೆ. ಗಿರಾಕಿಯ ಮನೆಯ ಹಳೇ ಟಿವಿ ಓದುವ ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದೇ ಇಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಫೈಲು ಕೂರುತ್ತದೆ, ಟಿವಿ ಓದುವುದು ಖಾತ್ರಿಯಿಲ್ಲ. ಆರತಕ್ಷತೆ ಒಂದು, ಮುಹೂರ್ತ ಒಂದು ಎಂದು ತಲಾ ಒಂದು ಗಂಟೆಯ ಎರಡು ಫೈಲು ಮಾಡಿ, ಎಚ್.264ರಲ್ಲೇ ಕೊಟ್ಟರೆ ಹತ್ತು ವರ್ಷ ಹಳೆಯ ಟಿವಿಯೂ ತಕರಾರಿಲ್ಲದೆ ಓಡಿಸುತ್ತದೆ.